ಮೆಕ್ಯಾನಿಕಲ್ ಡಿಸೈನ್ ಅಪ್ರೆಂಟಿಸ್‌ಶಿಪ್: ಹುಬ್ಬಳ್ಳಿ-ಧಾರವಾಡ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಡಿಸೈನ್ ಅಪ್ರೆಂಟಿಸ್ ಆಗಿದ್ದೆ. ಈಗಲೂ ಅದೇ ಬಗೆಯ ಕೆಲಸದಲ್ಲಿದ್ದೇನೆ. ಡಿಪ್ಲೊಮಾ, ಬಿಇ, ಐಟಿಐ ಮುಗಿಸಿದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಡಿಸೈನ್ ಅಪ್ರೆಂಟಿಸ್ ದಿನವಿಡೀ ಏನು ಮಾಡಬೇಕು? ಹೊಸ ಹೊಸ ಯಂತ್ರ ಡಿಸೈನ್ ಮಾಡೋದಾ?

ಇಲ್ಲ. ಮೊದಲ ದಿನವೇ ಹೊಸ ಯಂತ್ರ ಯಾರೂ ಕೊಡುವುದಿಲ್ಲ. ಇರುವ ಯಂತ್ರದ ಒಂದು ಬ್ರಾಕೆಟ್, ಒಂದು ಬುಶ್, ಒಂದು ಕವರ್ ಪ್ಲೇಟ್ ಕೊಡುತ್ತಾರೆ. ಅದನ್ನು ಅಳತೆ ಮಾಡಿ ಕಂಪ್ಯೂಟರಿನಲ್ಲಿ ಅದರ ಮಾಡೆಲ್ ಮಾಡಬೇಕು. ಮಾಡೆಲ್‌ನಿಂದ ಡ್ರಾಯಿಂಗ್ ತೆಗೆಯಬೇಕು. ಸೀನಿಯರ್ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಿ ಕೊಡುತ್ತಾರೆ. ತಿದ್ದಿ ಮತ್ತೆ ಕೊಡಬೇಕು. ಮಧ್ಯೆ ಬಿಒಎಂ, ಅಂದರೆ ಯಾವ ಭಾಗ ಎಷ್ಟು ಬೇಕು ಅನ್ನುವ ಪಟ್ಟಿ, ಅದನ್ನು ತುಂಬಬೇಕು. ಖರೀದಿ ವಿಭಾಗದವರು ಬಂದು "ಈ ಪ್ಲೇಟಿನ ತೂಕ ಎಷ್ಟು?" ಅಂತ ಕೇಳುತ್ತಾರೆ, ಅದನ್ನು ತೆಗೆದು ಕೊಡಬೇಕು. ಕೆಳಗಡೆ ಶಾಪಿನಿಂದ, ಅಂದರೆ ಯಂತ್ರಗಳಿರುವ ಕೆಲಸದ ಜಾಗದಿಂದ, ಕರೆ ಬಂದರೆ ಡ್ರಾಯಿಂಗ್ ಹಿಡಿದು ಓಡಬೇಕು.

ಹೊರಗಿನವರಿಗೆ ಕಾಣುವುದು ಪರದೆಯ ಮೇಲೆ ತಿರುಗುವ ಬಣ್ಣದ ಮಾಡೆಲ್. ಆದರೆ ಕಂಪನಿಗೆ ದುಡ್ಡು ತರುವುದು ಡ್ರಾಯಿಂಗ್ ಹಾಳೆ. ಲೇತ್ ಮುಂದೆ ನಿಂತವನು ನಿಮ್ಮನ್ನು ಏನೂ ಕೇಳದೆ, ಆ ಹಾಳೆ ನೋಡಿಯೇ ಭಾಗ ಮಾಡಬೇಕು. ಹಾಗೆ ಮಾಡಲು ಆಗುವಂಥ ಡ್ರಾಯಿಂಗ್ ಬರೆಯುವುದನ್ನು ಕಲಿಯಲಿಕ್ಕೇ ಈ ಒಂದು ವರ್ಷ ಇರುವುದು. ಮುಂದೆ ಬರೆದಿರುವುದೆಲ್ಲ ಇದರ ಸುತ್ತಲೇ ಇದೆ.

ಯಾರು ಸೇರಬಹುದು?

ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಅಂತ 2 ವರ್ಷದ ಟ್ರೇಡ್ ಇದೆ. ಅದು ಮುಗಿಸಿದವರಿಗೆ ನ್ಯಾಪ್ಸ್ ಅನ್ನುವ ಯೋಜನೆ. ಡಿಪ್ಲೊಮಾ, ಬಿಇ ಆದವರಿಗೆ ನ್ಯಾಟ್ಸ್. ಎರಡಕ್ಕೂ ಬುಡ 1961ರ ಅಪ್ರೆಂಟಿಸ್ ಕಾಯ್ದೆ. ನ್ಯಾಟ್ಸ್‌ನಲ್ಲಿ ಕರ್ನಾಟಕವನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಮಂಡಳಿ. ಹಾಗಂತ ಚೆನ್ನೈಗೆ ಹೋಗಬೇಕಿಲ್ಲ, ಎಲ್ಲ ಆನ್‌ಲೈನ್ ಪೋರ್ಟಲ್‌ನಲ್ಲೇ ಆಗುತ್ತದೆ. ನೋಂದಣಿಗೆ ಶುಲ್ಕ ಇಲ್ಲ. "ಸೀಟು ಕೊಡಿಸ್ತೀನಿ, ಇಷ್ಟು ಕೊಡಿ" ಅಂತ ಯಾರಾದರೂ ಬಂದರೆ ಫೋನ್ ಇಟ್ಟುಬಿಡಿ.

ಇಲ್ಲಿ ತುಂಬಾ ಜನ ಎಡವುವುದು ಒಂದೇ ಕಡೆ. ಕಂಪನಿಯವರು "ಅಪ್ರೆಂಟಿಸ್ ಅಂತ ತಗೋತೀವಿ" ಅನ್ನುತ್ತಾರೆ, ಪೋರ್ಟಲ್ ಮೇಲೆ ಕಾಂಟ್ರ್ಯಾಕ್ಟ್ ಮಾಡುವುದೇ ಇಲ್ಲ. ಆಗ ನೀವು ಕಾಗದದ ಲೆಕ್ಕದಲ್ಲಿ ಅಪ್ರೆಂಟಿಸ್ ಅಲ್ಲ, ಸುಮ್ನೆ ಒಬ್ಬ ಟ್ರೇನಿ. ಸರ್ಕಾರದ ಪ್ರಮಾಣಪತ್ರವೂ ಇಲ್ಲ, ಸರ್ಕಾರದ ಪಾಲಿನ ಹಣವೂ ಇಲ್ಲ. ಸೇರುವ ಮೊದಲೇ ಎಚ್‌ಆರ್‌ನವರನ್ನು ಕೇಳಿ: "ಪೋರ್ಟಲ್ ಮೇಲೆ ಕಾಂಟ್ರ್ಯಾಕ್ಟ್ ಆಗುತ್ತಾ ಸರ್?" ಕೇಳಲು ಸಂಕೋಚ ಬೇಡ. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ನಿಯಮವೇ ಇದೆ. ಹಾಗಾಗಿ ಅವರಿಗೂ ನೀವು ಬೇಕು.

ಸ್ಟೈಪೆಂಡ್ ಎಷ್ಟು ಬರುತ್ತೆ?

2019ರ ನಿಯಮದ ಪ್ರಕಾರ ಕನಿಷ್ಠ ಮೊತ್ತ ಹೀಗಿತ್ತು: ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಐಟಿಐನವರಿಗೆ 7,000. ನ್ಯಾಟ್ಸ್‌ನಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2025ರಲ್ಲಿ ಇದನ್ನು ಶೇ 36ರಷ್ಟು ಏರಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ನೀವು ಸೇರುವ ಹೊತ್ತಿಗೆ ಎಷ್ಟಿದೆ ಅನ್ನುವುದನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಇದಕ್ಕಿಂತ ಜಾಸ್ತಿ ಕೊಡುವ ಕಂಪನಿಗಳೂ ಇವೆ.

ಈ ದುಡ್ಡಿನಲ್ಲಿ ರೂಮು, ಊಟ, ಓಡಾಟ ಎಲ್ಲ ಕಷ್ಟ. ಮನೆಯಿಂದ ಓಡಾಡುವವರಿಗೆ ನಡೆಯುತ್ತದೆ. ಊರಿಂದ ಬಂದು ರೂಮು ಮಾಡುವವರು ಮನೆಯಲ್ಲಿ ಮೊದಲೇ ಕೂತು ಲೆಕ್ಕ ಹಾಕಿ. ಒಂದು ವರ್ಷ ಮನೆಯವರು ಸ್ವಲ್ಪ ಕೈ ಹಿಡಿಯಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು "ಎಕ್ಸ್‌ಪೀರಿಯನ್ಸ್ ಮುಖ್ಯ, ದುಡ್ಡಲ್ಲ" ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಕಾಯ್ದೆಯ ಕಣ್ಣಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಹಾಗಾಗಿ ಪಿಎಫ್ ಕಟ್ ಆಗಲಿಲ್ಲ ಅಂತ ಗಾಬರಿ ಬೇಡ. ಆದರೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕಂಪನಿಯದೇ, ಅದು ಕಾಯ್ದೆಯಲ್ಲೇ ಇದೆ.

ನಮ್ಮ ಕಡೆ ಎಲ್ಲಿ ಹುಡುಕಬೇಕು?

ದೊಡ್ಡ ಹೆಸರುಗಳು ನಿಮಗೆ ಗೊತ್ತೇ ಇವೆ: ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಟಾಟಾ ಮೋಟರ್ಸ್, ಟಾಟಾ ಹಿಟಾಚಿ, ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ವರ್ಕ್‌ಶಾಪ್. ಎಲ್ಲರೂ ಮೊದಲು ಇಲ್ಲಿಗೇ ಅರ್ಜಿ ಹಾಕುತ್ತಾರೆ. ಹಾಕಿ, ತಪ್ಪೇನಿಲ್ಲ. ಆದರೆ ಡಿಸೈನ್ ಕಲಿಯಬೇಕು ಅನ್ನುವವರಿಗೆ ಒಂದು ಕಿವಿಮಾತು. ದೊಡ್ಡ ಕಂಪನಿಗಳ ಮುಖ್ಯ ಡಿಸೈನ್ ಕೇಂದ್ರ ಬೇರೆ ಊರಲ್ಲಿರುವುದೇ ಹೆಚ್ಚು. ಟಾಟಾ ಮೋಟರ್ಸ್‌ನದು ಪುಣೆಯಲ್ಲಿದೆ. ಇಲ್ಲಿನ ಪ್ಲಾಂಟಿನಲ್ಲಿ ಸಿಗುವುದು ಹೆಚ್ಚಾಗಿ ಉತ್ಪಾದನೆ, ಗುಣಮಟ್ಟ, ಜಿಗ್ ಮತ್ತು ಫಿಕ್ಸ್ಚರ್ (ಕೆಲಸ ಮಾಡುವಾಗ ಭಾಗವನ್ನು ಹಿಡಿದಿಡುವ ಸಾಧನ) ಕೆಲಸ. ಅದೂ ಒಳ್ಳೆಯದೇ, ಗೊತ್ತಿದ್ದು ಸೇರಿ ಅಷ್ಟೇ.

ನನ್ನ ಓಟು ಮಧ್ಯಮ ಗಾತ್ರದ ಕಾರ್ಖಾನೆಗೆ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ, ರಾಯಾಪುರ, ಲಕಮನಹಳ್ಳಿ ಕಡೆ ಸುತ್ತಾಡಿ. ವಾಲ್ವ್, ಶೀಟ್ ಮೆಟಲ್, ವಿಶೇಷ ಯಂತ್ರ, ಕೃಷಿ ಉಪಕರಣ, ಎರಕದ ಭಾಗ ಮಾಡುವ ಕಡೆ ಡಿಸೈನ್ ಟೇಬಲ್ಲೂ ಇರುತ್ತದೆ, ಅದರ ಕೆಳಗೇ ಶಾಪೂ ಇರುತ್ತದೆ. ಬೆಳಗ್ಗೆ ಬರೆದ ಡ್ರಾಯಿಂಗಿನ ಭಾಗ ವಾರದೊಳಗೆ ಕೈಗೆ ಬರುತ್ತದೆ. ಅದನ್ನು ಹಿಡಿದು ನೋಡಿದಾಗ ಕಲಿಯುವುದು ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ. ತೀರ ಚಿಕ್ಕ ಘಟಕ ಬೇಡ. ಅಲ್ಲಿ ಹೇಳಿಕೊಡುವವರೇ ಇರುವುದಿಲ್ಲ, ಮಾಲೀಕರೇ ಡಿಸೈನರ್, ಅವರೇ ಮಾರ್ಕೆಟಿಂಗ್.

ಇನ್ನೂ ಓದುವ ವಯಸ್ಸಿನವರಿಗೆ: ಟೂಲ್ ತರಬೇತಿ ಕೊಡುವ ಸಂಸ್ಥೆಗಳಾದ ಹುಬ್ಬಳ್ಳಿಯ ಜಿಟಿಟಿಸಿ ಮತ್ತು ಧಾರವಾಡದ ಎನ್‌ಟಿಟಿಎಫ್ ಎರಡೂ ಕಡೆ ಕೈಕೆಲಸಕ್ಕೆ ಜಾಸ್ತಿ ಒತ್ತು. ಅಲ್ಲಿಂದ ಬಂದವರು ಡ್ರಾಯಿಂಗ್ ಓದುವುದರಲ್ಲಿ ನಮ್ಮಂಥ ಕಾಲೇಜಿನವರಿಗಿಂತ ಮುಂದಿರುತ್ತಾರೆ. ಪಕ್ಕದಲ್ಲಿ ಅಂಥವರು ಕೂತಿದ್ದರೆ ಅವರ ಹತ್ತಿರವೇ ಕಲಿಯಿರಿ.

ಯಾವ ಸಾಫ್ಟ್‌ವೇರ್ ಕಲೀಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಅಲ್ಲ. ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ ಸಾಲಿಡ್‌ವರ್ಕ್ಸ್ ಮತ್ತು ಆಟೋಕ್ಯಾಡ್ ಸಾಮಾನ್ಯ. ವಾಹನ ಉದ್ಯಮದ ಕಡೆ ಕ್ಯಾಟಿಯಾ, ಎನ್‌ಎಕ್ಸ್, ಕ್ರಿಯೋ ಕಾಣುತ್ತವೆ. ಒಂದನ್ನು ಗಟ್ಟಿಯಾಗಿ ಕಲಿತವನಿಗೆ ಇನ್ನೊಂದಕ್ಕೆ ಹಾರಲು ಕೆಲವು ವಾರ ಸಾಕು. ಸ್ಕೆಚ್, ಎಕ್ಸ್‌ಟ್ರೂಡ್, ರಿವಾಲ್ವ್, ಪ್ಯಾಟರ್ನ್, ಅಸೆಂಬ್ಲಿ: ಗುಂಡಿ ಇರುವ ಜಾಗ ಬೇರೆ, ಯೋಚನೆ ಒಂದೇ.

ಮನೆಯಲ್ಲಿ ಕಲಿಯಲು ಕದ್ದ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ. ಫ್ರೀಕ್ಯಾಡ್ ಪೂರ್ತಿ ಉಚಿತ, 2024ರಲ್ಲಿ ಅದರ 1.0 ಆವೃತ್ತಿ ಬಂದಿದೆ. ಫ್ಯೂಷನ್‌ಗೆ ಸ್ವಂತ ಬಳಕೆಗೆ ಉಚಿತ ಪರವಾನಗಿ ಇದೆ. ಆನ್‌ಶೇಪ್ ಬ್ರೌಸರ್‌ನಲ್ಲೇ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಆದರೆ ಅದರ ಉಚಿತ ಖಾತೆಯಲ್ಲಿ ನೀವು ಮಾಡಿದ್ದು ಎಲ್ಲರಿಗೂ ಕಾಣುತ್ತದೆ, ನೆನಪಿರಲಿ. ಕಾಲೇಜಿನಲ್ಲಿ ಇರುವಾಗಲೇ ಆಟೋಡೆಸ್ಕ್‌ನ ವಿದ್ಯಾರ್ಥಿ ಖಾತೆ ಮಾಡಿಕೊಳ್ಳಿ.

ಯಾವುದೇ ಆಗಲಿ, ಎರಡು ರೂಢಿ ಮೊದಲಿನಿಂದಲೇ ಇರಲಿ. ಸಾಲಿಡ್‌ವರ್ಕ್ಸ್‌ನಲ್ಲಿ ಸ್ಕೆಚ್ ಗೆರೆ ನೀಲಿ ಇದ್ದರೆ ಅದಕ್ಕೆ ಅಳತೆ ಪೂರ್ತಿ ಕೊಟ್ಟಿಲ್ಲ ಅಂತ. ಕಪ್ಪಾಗುವವರೆಗೆ ಬಿಡಬೇಡಿ. ನೀಲಿ ಗೆರೆಯ ಮೇಲೆ ಕಟ್ಟಿದ ಮಾಡೆಲ್ ಆರು ತಿಂಗಳ ಮೇಲೆ ಯಾರೋ ಒಂದು ಅಳತೆ ಬದಲಿಸಿದಾಗ ವಿಚಿತ್ರವಾಗಿ ಸೊಟ್ಟಗಾಗುತ್ತದೆ. ಎರಡನೆಯದು, ಫಿಲೆಟ್ (ದುಂಡಗೆ ಮಾಡಿದ ಅಂಚು) ಮತ್ತು ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಕೊನೆಗೆ ಹಾಕಿ. ಮೊದಲೇ ಹಾಕಿ ಅವುಗಳ ಅಂಚಿಗೆ ಬೇರೆ ಫೀಚರ್ ನೇತು ಹಾಕಿದರೆ, ಒಂದು ಫಿಲೆಟ್ ಅಳಿಸಿದ ತಕ್ಷಣ ಫೀಚರ್‌ಗಳ ಪಟ್ಟಿ, ಅಂದರೆ ಇಡೀ ಟ್ರೀ, ದೋಷ ತೋರಿಸಿ ಕೆಂಪಾಗುತ್ತದೆ.

ಹಾಗಾದರೆ ಕ್ಯಾಡ್ ಕೋಚಿಂಗ್ ಸೆಂಟರ್‌ಗೆ ಸೇರೋದು ಬೇಡವಾ?

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಉಪಯೋಗ. ಇದ್ದವರಿಗೆ ಅಷ್ಟಿಲ್ಲ. ಅವರು ಕಮಾಂಡ್ ಕಲಿಸುತ್ತಾರೆ, ಟಾಲರೆನ್ಸ್, ಅಂದರೆ ಅಳತೆ ಎಷ್ಟು ಆಚೀಚೆ ಆದರೆ ನಡೆಯುತ್ತದೆ ಅನ್ನುವುದು, ಅದನ್ನು ಕಲಿಸುವುದು ಅಪರೂಪ. "100% ಪ್ಲೇಸ್‌ಮೆಂಟ್" ಅನ್ನುವ ಬೋರ್ಡ್ ಇದ್ದರೆ ಹಿಂದಿನ ಬ್ಯಾಚಿನ ಇಬ್ಬರು ಮೂವರ ಜತೆ ಮಾತಾಡಿದ ಮೇಲೆ ದುಡ್ಡು ಕಟ್ಟಿ.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

ಸಾಫ್ಟ್‌ವೇರ್ ಬಗ್ಗೆ ಅರ್ಧ ಮಾತು, ಉಳಿದದ್ದು ಮೂಲ ವಿಷಯ. ಒಂದು ಸಣ್ಣ ಭಾಗ ಕೈಗೆ ಕೊಟ್ಟು "ಇದರ ಮೂರು ನೋಟ ಬರಿ" ಅನ್ನುತ್ತಾರೆ. ಬರಿಗೈಯಲ್ಲಿ, ಪೆನ್ಸಿಲಿನಲ್ಲಿ. ಇಲ್ಲಿಯೇ ಅರ್ಧ ಜನ ಉದುರುತ್ತಾರೆ, ಯಾಕಂದರೆ ಕಾಲೇಜು ಬಿಟ್ಟ ಮೇಲೆ ಪೆನ್ಸಿಲ್ ಹಿಡಿದೇ ಇರುವುದಿಲ್ಲ.

ಫಸ್ಟ್ ಆಂಗಲ್, ಥರ್ಡ್ ಆಂಗಲ್ ವ್ಯತ್ಯಾಸ ಖಂಡಿತ ಕೇಳುತ್ತಾರೆ. ಹಾಳೆಯ ಮೇಲೆ ನೋಟಗಳನ್ನು ಜೋಡಿಸುವ ಎರಡು ಪದ್ಧತಿ ಇವು. ನಮ್ಮ ದೇಶದಲ್ಲಿ ಫಸ್ಟ್ ಆಂಗಲ್ ರೂಢಿ, ಅಮೆರಿಕದ ಗ್ರಾಹಕರ ಡ್ರಾಯಿಂಗ್ ಥರ್ಡ್ ಆಂಗಲ್‌ನಲ್ಲಿ ಬರುತ್ತದೆ. ಟೈಟಲ್ ಬ್ಲಾಕಿನಲ್ಲಿ, ಅಂದರೆ ಹಾಳೆಯ ಮೂಲೆಯ ವಿವರದ ಚೌಕದಲ್ಲಿ, ಇರುವ ಆ ಸಣ್ಣ ಶಂಕುವಿನ ಗುರುತು ನೋಡದೆ ಓದಿದರೆ ಎಡದ ತೂತು ಬಲಕ್ಕೆ ಹೋಗುತ್ತದೆ. ಭಾಗ ನೋಡಲು ಸರಿಯಾಗೇ ಇರುತ್ತದೆ, ಕೂರುವುದು ಮಾತ್ರ ಇಲ್ಲ.

ಇದರ ಜತೆಗೆ ಎಂ8 ಟ್ಯಾಪ್‌ಗೆ, ಅಂದರೆ 8 ಮಿ.ಮೀ. ಬೋಲ್ಟ್ ಕೂರುವ ಥ್ರೆಡ್ ಹಾಕಲು, ಯಾವ ಡ್ರಿಲ್ (6.8 ಮಿ.ಮೀ.), ಎಂ10ಕ್ಕೆ ಯಾವುದು (8.5), ವರ್ನಿಯರ್‌ನ ಲೀಸ್ಟ್ ಕೌಂಟ್ ಎಷ್ಟು (ಸಾಮಾನ್ಯವಾಗಿ 0.02), 1 ಚದರ ಮೀಟರ್ ವಿಸ್ತೀರ್ಣದ 10 ಮಿ.ಮೀ. ದಪ್ಪ ಉಕ್ಕಿನ ಪ್ಲೇಟ್ ಎಷ್ಟು ತೂಗುತ್ತದೆ (78.5 ಕೆ.ಜಿ.). ಕೊನೆಯದನ್ನು ಬಾಯಿಪಾಠ ಮಾಡಬೇಡಿ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ ಅಂತ ನೆನಪಿಟ್ಟುಕೊಂಡರೆ ಯಾವ ಪ್ಲೇಟಿನ ತೂಕವೂ ಬರುತ್ತದೆ.

ಸೇರಿದಾಗಿನಿಂದ ಬರೀ ಹಳೇ ಡ್ರಾಯಿಂಗ್ ಕಾಪಿ ಮಾಡಿಸ್ತಿದ್ದಾರೆ. ಬೇಜಾರಾಗಿದೆ. ಏನು ಮಾಡಲಿ?

ಮಾಡಿ. ಬೇಜಾರಾಗುವುದು ನಿಜ, ಆದರೆ ಅದರಲ್ಲಿ ಇರುವ ಸರಕು ದೊಡ್ಡದು. ಹಳೇ ಡ್ರಾಯಿಂಗ್ ಅಂದರೆ ಒಮ್ಮೆ ಭಾಗವಾಗಿ ಹೊರಬಂದ ಡ್ರಾಯಿಂಗ್. ಅದರಲ್ಲಿನ ಒಂದೊಂದು ಅಳತೆಯ ಹಿಂದೆ ಯಾರೋ ಒಬ್ಬರ ತಲೆನೋವು ಇರುತ್ತದೆ.

ಕಾಪಿ ಮಾಡುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಈ ಅಳತೆಯನ್ನು ಈ ಅಂಚಿನಿಂದಲೇ ಯಾಕೆ ಕೊಟ್ಟಿದ್ದಾರೆ? ಇಲ್ಲಿ ಮಾತ್ರ ಟಾಲರೆನ್ಸ್ ಬಿಗಿ ಯಾಕೆ? ರಿವಿಷನ್ ಪಟ್ಟಿಯಲ್ಲಿ ಏನೇನು ಬದಲಾಗಿದೆ? ರಿವಿಷನ್ ಪಟ್ಟಿ ಓದುವುದನ್ನು ಯಾರೂ ಹೇಳಿಕೊಡುವುದಿಲ್ಲ, ನೀವೇ ಓದಬೇಕು. "ಗ್ರೂವ್ ಅಗಲ 3.2ರಿಂದ 3.6" ಅಂತ ಇದ್ದರೆ ಅದಕ್ಕೆ ಮೊದಲು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಕಿತ್ತು ಹೋಗಿರಬಹುದು, ಸೋರಿರಬಹುದು. ಮಧ್ಯಾಹ್ನ ಊಟದ ಹೊತ್ತಿಗೆ ಹಿರಿಯರೊಬ್ಬರನ್ನು ಕೇಳಿ, ಕಥೆ ಹೇಳುತ್ತಾರೆ. ಡಿಸೈನ್ ವಿಭಾಗದ ಹಿರಿಯರಿಗೆ ಹಳೇ ತಲೆನೋವಿನ ಕಥೆ ಹೇಳುವುದಂದರೆ ಗಿರ್ಮಿಟ್ ತಿಂದಷ್ಟು ಖುಷಿ.

ಎರಡು ಮೂರು ತಿಂಗಳ ಮೇಲೂ ಕಾಪಿ ಬಿಟ್ಟು ಏನೂ ಸಿಗಲಿಲ್ಲ ಅಂದರೆ ಬೇರೆ ಮಾತು. ಅದಕ್ಕೆ ಕೆಳಗೆ ಉತ್ತರ ಇದೆ.

ಟಾಲರೆನ್ಸ್ ತಲೆಗೆ ಹತ್ತುತ್ತಿಲ್ಲ. ಸುಲಭವಾಗಿ ಹೇಳ್ತೀರಾ?

ಪರದೆಯ ಮೇಲೆ 25 ಮಿ.ಮೀ. ಶಾಫ್ಟ್ 25 ಮಿ.ಮೀ. ಬೋರಿನಲ್ಲಿ, ಅಂದರೆ ತೂತಿನಲ್ಲಿ, ಸಲೀಸಾಗಿ ಕೂರುತ್ತದೆ. ಶಾಪಿನಲ್ಲಿ ಸರಿಯಾಗಿ 25 ಅನ್ನುವುದು ಇಲ್ಲವೇ ಇಲ್ಲ. 25.01 ಇರುತ್ತದೆ, 24.98 ಇರುತ್ತದೆ. ಎಷ್ಟು ಆಚೀಚೆ ಆದರೆ ನಡೆಯುತ್ತದೆ ಅಂತ ನೀವೇ ಹೇಳಬೇಕು.

ಬೋರಿಗೆ 25 ಎಚ್7 ಅಂತ ಬರೆದರೆ 25.000ದಿಂದ 25.021ರವರೆಗೆ ಒಪ್ಪಿಗೆ. ಶಾಫ್ಟಿಗೆ ಜಿ6 ಅಂತ ಬರೆದರೆ 24.980ರಿಂದ 24.993. ಎರಡನ್ನೂ ಸೇರಿಸಿ ನೋಡಿ: ತೀರ ಬಿಗಿ ಜೋಡಿಯಲ್ಲೂ 7 ಮೈಕ್ರಾನ್ (0.007 ಮಿ.ಮೀ.) ಸಂದು ಉಳಿಯುತ್ತದೆ, ತೀರ ಸಡಿಲ ಜೋಡಿಯಲ್ಲಿ 41 ಮೈಕ್ರಾನ್. ಅಂದರೆ ಯಾವ ಶಾಫ್ಟ್ ಯಾವ ಬೋರಿಗೆ ಹಾಕಿದರೂ ಜಾರುತ್ತದೆ, ಕುಲುಕುವುದಿಲ್ಲ. ಅದೇ ಶಾಫ್ಟಿಗೆ ಪಿ6 ಬರೆದರೆ 25.022ರಿಂದ 25.035. ಯಾವ ಶಾಫ್ಟೂ ಬೋರಿಗಿಂತ ದಪ್ಪವೇ, ಹಾಗಾಗಿ ಪ್ರೆಸ್ ಹಾಕಿಯೇ ಕೂರಿಸಬೇಕು. ಒಂದು ಅಕ್ಷರ ಬದಲಾದರೆ ಭಾಗದ ಕೆಲಸವೇ ಬದಲಾಗುತ್ತದೆ.

ಎಲ್ಲ ಕಡೆ ಬಿಗಿ ಕೊಟ್ಟರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಗಾಳಿಗೆ ತೆರೆದ ಕವರ್ ಪ್ಲೇಟಿನ ಹೊರ ಅಂಚಿಗೆ 0.02 ಟಾಲರೆನ್ಸ್ ಕೊಟ್ಟರೆ ಅದನ್ನು ಗ್ರೈಂಡಿಂಗ್‌ಗೆ ಕಳಿಸಬೇಕು. ನೂರು ರೂಪಾಯಿಯಲ್ಲಿ ಆಗುವುದಕ್ಕೆ ಅದರ ಹಲವು ಪಟ್ಟು ಖರ್ಚು. ಕೂರುವ ಜಾಗ, ಸೀಲ್ ಆಗುವ ಜಾಗ, ತಿರುಗುವ ಜಾಗ, ಇಷ್ಟಕ್ಕೆ ಬಿಗಿ ಇರಲಿ. ಉಳಿದಕ್ಕೆ ಟೈಟಲ್ ಬ್ಲಾಕಿನಲ್ಲಿ ಐಎಸ್‌ಒ 2768 ಮೀಡಿಯಂ ಅಂತ ಒಂದು ಸಾಲು ಸಾಕು. ಅದರ ಪ್ರಕಾರ 30ರಿಂದ 120 ಮಿ.ಮೀ. ಒಳಗಿನ ಅಳತೆಗೆ 0.3 ಆಚೀಚೆ ನಡೆಯುತ್ತದೆ.

ಸರಪಳಿಯ ಹಾಗೆ ಅಳತೆ ಕೊಡುವುದೂ ಒಂದು ಮಾಮೂಲಿ ತೊಂದರೆ. ಸಾಲಾಗಿ 5 ತೂತು, ಒಂದರಿಂದ ಒಂದಕ್ಕೆ 40, ಪ್ರತಿಯೊಂದಕ್ಕೂ 0.2 ಆಚೀಚೆ ಅಂತ ಬರೆದರೆ ಮೊದಲ ತೂತಿನಿಂದ ಕೊನೆಯದಕ್ಕೆ ಹೋಗುವಷ್ಟರಲ್ಲಿ 0.8 ತಪ್ಪಬಹುದು. ಎಲ್ಲವನ್ನೂ ಒಂದೇ ಅಂಚಿನಿಂದ ಕೊಟ್ಟರೆ ಈ ಗೋಜಿಲ್ಲ.

ಶಾಪ್ ಫ್ಲೋರ್‌ಗೆ ಹೋಗಲೇಬೇಕಾ? ನನಗೆ ಎಸಿ ರೂಮಿನ ಡಿಸೈನ್ ಕೆಲಸ ಬೇಕಿತ್ತು.

ಹೋಗಲೇಬೇಕು. ಹೋಗದ ಡಿಸೈನರ್‌ನ ಡ್ರಾಯಿಂಗ್ ಶಾಪಿನಲ್ಲಿ ಎಲ್ಲರಿಗೂ ಗುರುತು ಸಿಗುತ್ತದೆ.

ಒಂದು ಉದಾಹರಣೆ. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಚೌಕ ಪಾಕೆಟ್ ಬರೆದಿರುತ್ತೀರಿ, ನಾಲ್ಕೂ ಮೂಲೆ ಚೂಪು. ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಆಪರೇಟರ್ ಡ್ರಾಯಿಂಗ್ ಹಿಡಿದು ಬರುತ್ತಾರೆ: "ತಮ್ಮಾ, ಈ ಮೂಲ್ಯಾಗ ನನ್ನ ಕಟರ್ ಹೆಂಗ ಹೋಗಬೇಕು ಹೇಳು." ಕಟರ್ ದುಂಡಗಿದೆ. 10 ಮಿ.ಮೀ. ಎಂಡ್ ಮಿಲ್ ಹಾಕಿದರೆ ಮೂಲೆಯಲ್ಲಿ 5 ಮಿ.ಮೀ. ತ್ರಿಜ್ಯ ಉಳಿದೇ ಉಳಿಯುತ್ತದೆ. ಸಣ್ಣ ಕಟರ್ ಹಾಕಬಹುದು, ಆದರೆ ಪಾಕೆಟ್ ಆಳ ಇದ್ದರೆ ಅದು ನಡುಗಿ ಮುರಿಯುತ್ತದೆ. ಮೂಲೆಗೆ 6 ತ್ರಿಜ್ಯ ಕೊಟ್ಟರೆ 10ರ ಕಟರ್ ಆರಾಮಾಗಿ ತಿರುಗಿಕೊಂಡು ಬರುತ್ತದೆ. ಪರದೆಯ ಮೇಲೆ ಇದು ಯಾವತ್ತೂ ಹೊಳೆಯುವುದಿಲ್ಲ, ಯಾಕಂದರೆ ಸಾಫ್ಟ್‌ವೇರ್‌ಗೆ ಚೂಪು ಮೂಲೆ ಮಾಡಲು ಏನೂ ಕಷ್ಟ ಇಲ್ಲ.

ಶೀಟ್ ಮೆಟಲ್ ಕಡೆ ಹೋಗಿ ನಿಂತರೆ ಇನ್ನೊಂದು ಪಾಠ. 2 ಮಿ.ಮೀ. ಶೀಟನ್ನು ಎಲ್ ಆಕಾರಕ್ಕೆ ಬಗ್ಗಿಸಬೇಕು, ಹೊರ ಅಳತೆ 50 ಮತ್ತು 30. ಕತ್ತರಿಸಬೇಕಾದ ಉದ್ದ 80 ಅನ್ನಿಸುತ್ತದೆ. ಒಳ ತ್ರಿಜ್ಯ 2, ಬಗ್ಗಿದ ಜಾಗದ ಉದ್ದ ಲೆಕ್ಕ ಹಾಕಲು ಬಳಸುವ ಕೆ-ಫ್ಯಾಕ್ಟರ್ 0.4 ಹಿಡಿದರೆ ಬರುವುದು ಸುಮಾರು 76.4. ಆ ಕೆ-ಫ್ಯಾಕ್ಟರ್ ನಿಮ್ಮ ಶಾಪಿನ ಪ್ರೆಸ್ ಬ್ರೇಕ್, ಡೈ, ಶೀಟು ಮೂರನ್ನೂ ಅವಲಂಬಿಸಿರುತ್ತದೆ. ಪುಸ್ತಕದಿಂದ ತೆಗೆದುಕೊಳ್ಳುವುದಕ್ಕಿಂತ ಆಪರೇಟರ್ ಹತ್ತಿರ ಒಂದು ತುಂಡು ಬಗ್ಗಿಸಿಕೊಂಡು ಅಳೆದು ನೋಡುವುದೇ ಸರಿ. ಬಗ್ಗುವ ಗೆರೆಗೆ ತೀರ ಹತ್ತಿರ ತೂತು ಇಟ್ಟರೆ ಅದು ಮೊಟ್ಟೆಯಾಕಾರಕ್ಕೆ ತಿರುಗುವುದನ್ನೂ ಅಲ್ಲೇ ನೋಡಬಹುದು.

ಎರಕದ ಭಾಗ ಇದ್ದರೆ ಫೌಂಡ್ರಿಗೆ ಒಮ್ಮೆಯಾದರೂ ಹೋಗಿ ಬನ್ನಿ. ಬೀಡು ಕಬ್ಬಿಣ ಆರುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ, ಉಕ್ಕು ಸುಮಾರು ಶೇ 2ರಷ್ಟು. 300 ಮಿ.ಮೀ. ಬೀಡಿನ ಭಾಗ ಬೇಕಂದರೆ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, 303 ಇರಬೇಕು. ಮೇಲೆ ಮೆಷಿನಿಂಗ್‌ಗೆ ಬೇರೆ ದಪ್ಪ ಬಿಡಬೇಕು. ಪ್ಯಾಟರ್ನ್ ಮರಳಿನಿಂದ ಎದ್ದು ಬರಲು ಗೋಡೆಗೆ ಸ್ವಲ್ಪ ಇಳಿಜಾರು ಕೊಡಬೇಕು. ಒಂದು ಕಡೆ ತೀರ ದಪ್ಪ, ಪಕ್ಕದಲ್ಲೇ ತೀರ ತೆಳು ಇದ್ದರೆ ದಪ್ಪ ಜಾಗ ಕೊನೆಗೆ ಆರಿ ಒಳಗೆ ಟೊಳ್ಳು ಬೀಳುತ್ತದೆ. ಇಷ್ಟೂ ಕಾಲೇಜಿನಲ್ಲಿ ಓದಿದ್ದೇ. ಆದರೆ ಪ್ಯಾಟರ್ನ್ ಮಾಡುವವರು ನಿಮ್ಮ ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿ "ಇದನ್ನ ಯಾವ ಕಡೆಯಿಂದ ಎತ್ತಬೇಕು?" ಅಂದಾಗಲೇ ಅದು ಗಟ್ಟಿಯಾಗುವುದು.

ಶಾಪಿನಲ್ಲಿ ಮಾತು ಹೇಗಿರಬೇಕು ಅನ್ನುವುದೂ ಮುಖ್ಯ. ಅಲ್ಲಿನ ಟರ್ನರ್, ಫಿಟ್ಟರ್‌ಗಳು ವಯಸ್ಸಿನಲ್ಲಿ ನಿಮ್ಮ ತಂದೆ, ಕಾಕಾನಷ್ಟು ದೊಡ್ಡವರಿರುತ್ತಾರೆ. ಬಿಇ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. "ಅಣ್ಣಾ, ಇದು ಹಿಂಗ ಬರೆದರ ನಿಮಗ ಹಿಡಿಯಾಕ ಆಗ್ತೈತೇನ್ರಿ?" ಅಂತ ಡ್ರಾಯಿಂಗ್ ಬಿಡುಗಡೆಗೆ ಮೊದಲೇ ಕೇಳಿ ನೋಡಿ. ಮುಂದೆ ನಿಮ್ಮ ಡ್ರಾಯಿಂಗಿನಲ್ಲಿ ಏನಾದರೂ ಕಂಡರೆ ಕಬ್ಬಿಣ ಕತ್ತರಿಸುವ ಮೊದಲೇ ಅವರೇ ಬಂದು ಹೇಳುತ್ತಾರೆ.

ಸೇಫ್ಟಿ ಶೂ ಹಾಕಿಯೇ ಹೋಗಿ. ಓಡುವ ಲೇತ್ ಹತ್ತಿರ ಕೈಗವಸು, ದುಪಟ್ಟಾ, ಕೊರಳಿನ ಐಡಿ ಕಾರ್ಡ್ ದಾರ ಯಾವುದೂ ಬೇಡ.

ಇಂಗ್ಲಿಷ್ ಅಷ್ಟು ಬರಲ್ಲ. ತೊಂದರೆ ಆಗುತ್ತಾ?

ಡ್ರಾಯಿಂಗಿನ ಟಿಪ್ಪಣಿಗಳು ಇಂಗ್ಲಿಷಿನಲ್ಲೇ ಇರುತ್ತವೆ, ಆದರೆ ಬಳಸುವ ಪದ ಕೆಲವೇ. ಎರಡು ತಿಂಗಳಲ್ಲಿ ಬಾಯಿಗೆ ಬರುತ್ತವೆ. ಮೇಲ್ ಬರೆಯುವುದು ಮಾತ್ರ ರೂಢಿ ಮಾಡಿಕೊಳ್ಳಿ: ಚಿಕ್ಕ ವಾಕ್ಯ, ಡ್ರಾಯಿಂಗ್ ನಂಬರ್, ರಿವಿಷನ್, ಏನು ಬೇಕು. ಶಾಪಿನಲ್ಲಿ ಕನ್ನಡವೇ ನಡೆಯುತ್ತದೆ, ಮಧ್ಯೆ ಹಿಂದಿ, ಮರಾಠಿ.

ಹುಡುಗಿಯರಿಗೆ ಈ ಕೆಲಸ ಸರಿ ಹೋಗುತ್ತಾ?

ಕೆಲಸ ಸರಿ ಹೋಗುತ್ತದೆ, ಅದರಲ್ಲಿ ಪ್ರಶ್ನೆಯೇ ಇಲ್ಲ. ಜಾಗ ಸರಿ ಇದೆಯಾ ಅನ್ನುವುದು ಪ್ರಶ್ನೆ. ಸೇರುವ ಮೊದಲು ಒಮ್ಮೆ ಹೋಗಿ ನೋಡಿ. ಮಹಿಳೆಯರ ಶೌಚಾಲಯ ಶಾಪ್ ಕಡೆ ಇದೆಯಾ, ಸಂಜೆ ಕೆಲಸ ಬಿಟ್ಟಾಗ ಬಸ್ ಇದೆಯಾ, ಡಿಸೈನ್ ವಿಭಾಗದಲ್ಲಿ ಬೇರೆ ಮಹಿಳೆಯರು ಇದ್ದಾರಾ. ಇನ್ನೊಂದು ಇದೆ. ಕೆಲವು ಕಡೆ ಹುಡುಗಿಯರನ್ನು "ನೀವ್ಯಾಕೆ ಕೆಳಗೆ ಬರ್ತೀರಿ, ಇಲ್ಲೇ ಕೂತು ಮಾಡೆಲ್ ಮಾಡಿ" ಅಂತ ಶಾಪಿನಿಂದ ದೂರ ಇಡುತ್ತಾರೆ. ಕಾಳಜಿಯಿಂದಲೇ ಹೇಳಿರಬಹುದು, ಆದರೆ ನಷ್ಟ ನಿಮಗೆ. ನಯವಾಗಿ "ನಾನೂ ಬರ್ತೀನಿ ಸರ್" ಅಂತ ಹೊರಟುಬಿಡಿ.

ಗದಗ, ಹಾವೇರಿಯಿಂದ ದಿನಾ ಓಡಾಡಬಹುದಾ?

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ರೈಲು ಇದೆ, ಜನ ಓಡಾಡುತ್ತಾರೆ. ಹಾವೇರಿ ಇನ್ನೂ ದೂರ. ಕಷ್ಟ ಇರುವುದು ಕೊನೆಯ ತುಂಡು ದಾರಿಯಲ್ಲಿ. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ ಇದೆ, ಆದರೆ ತಾರಿಹಾಳ, ಬೇಲೂರು ಆ ದಾರಿಯಲ್ಲಿಲ್ಲ. ಕಂಪನಿ ಬಸ್ ಇದೆಯಾ ಕೇಳಿ. ಫಸ್ಟ್ ಶಿಫ್ಟ್‌ಗೆ ಹಾಕುತ್ತಾರೆ ಅಂತಾದರೆ ರೂಮು ಮಾಡುವುದೇ ವಾಸಿ. ನಿದ್ದೆಗೆಟ್ಟವನಿಗೆ ಟಾಲರೆನ್ಸ್ ತಲೆಗೆ ಹೋಗುವುದಿಲ್ಲ.

ಡಿಸೈನ್ ಅಂತ ತಗೊಂಡು ಫೈಲ್ ಜೋಡಿಸೋದು, ಪ್ರಿಂಟ್ ತೆಗೆಯೋದು, ಎಕ್ಸೆಲ್ ತುಂಬೋದು ಮಾಡಿಸ್ತಿದ್ದಾರೆ. ಯಾರಿಗೆ ಹೇಳಬೇಕು?

ಇದು ಆಗುತ್ತದೆ. ಅಪ್ರೆಂಟಿಸ್ ಅಂದರೆ ಅಗ್ಗದ ಕೈ ಅಂದುಕೊಂಡವರೂ ಇದ್ದಾರೆ. ಮೊದಲು ಸೀನಿಯರ್‌ಗೆ ಹೇಳಿ, ದೂರಿನ ಹಾಗಲ್ಲ: "ಸರ್, ಆ ಬ್ರಾಕೆಟ್ ನಾನು ಮಾಡ್ಲಾ? ಸಂಜೆ ತೋರಿಸ್ತೀನಿ." ತಾವಾಗಿ ಕೆಲಸ ಹಂಚಲು ಪುರುಸೊತ್ತಿಲ್ಲದ ಸೀನಿಯರ್‌ಗಳೇ ಜಾಸ್ತಿ. ಕೇಳಿದವರಿಗೆ ಸಿಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಎಚ್‌ಆರ್‌ಗೆ ಬರಹದಲ್ಲಿ ಕೊಡಿ. ಯಾವ ಕೆಲಸದ ತರಬೇತಿ ಅನ್ನುವುದು ಕಾಂಟ್ರ್ಯಾಕ್ಟ್‌ನಲ್ಲೇ ಇರುತ್ತದೆ, ಅದನ್ನು ಜತೆಗೆ ಇಡಿ. ಕಾಂಟ್ರ್ಯಾಕ್ಟ್ ವಿಚಾರದ ತಕರಾರು ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಮುಂದೆ ಹೋಗಬೇಕು ಅಂತ ಕಾಯ್ದೆಯಲ್ಲಿದೆ. ಅಲ್ಲಿಯವರೆಗೆ ಹೋಗುವವರು ಕಡಿಮೆ, ಆದರೆ ದಾರಿ ಇದೆ ಅಂತ ಗೊತ್ತಿರುವುದು ಒಳ್ಳೆಯದು. ಅಂದಹಾಗೆ ಪ್ರಿಂಟ್ ತೆಗೆಯುವ ಕೆಲಸವನ್ನು ಪೂರ್ತಿ ಕೀಳಾಗಿ ಕಾಣಬೇಡಿ. ಯಾವ ರಿವಿಷನ್ ಯಾರ ಕೈಗೆ ಹೋಯಿತು ಅನ್ನುವುದು ಅಲ್ಲಿಯೇ ತಿಳಿಯುವುದು. ಹಳೇ ರಿವಿಷನ್ ಪ್ರಿಂಟ್ ಶಾಪಿನಲ್ಲಿ ಉಳಿದುಬಿಟ್ಟರೆ ಒಂದಿಡೀ ಬ್ಯಾಚ್ ಗುಜರಿಗೆ ಹೋಗುತ್ತದೆ.

ಮುಗಿದ ಮೇಲೆ ಅಲ್ಲೇ ಕೆಲಸ ಕೊಡ್ತಾರಾ?

ಕೊಡಲೇಬೇಕು ಅಂತ ಇಲ್ಲ. ಕಾಂಟ್ರ್ಯಾಕ್ಟ್‌ನಲ್ಲಿ ಬರೆದಿದ್ದರೆ ಮಾತ್ರ ಬದ್ಧರು. "ನೋಡೋಣ, ಮಾಡ್ಕೊಳ್ಳೋಣ" ಅನ್ನುವ ಬಾಯಿ ಮಾತಿಗೆ ಕಾಯುತ್ತ ಕೂರಬೇಡಿ. ಹತ್ತನೇ ತಿಂಗಳಿನಿಂದಲೇ ಬೇರೆ ಕಡೆ ಅರ್ಜಿ ಹಾಕುತ್ತಿರಿ. ಬಿಡುವಾಗ ಪ್ರಮಾಣಪತ್ರ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ಬೆಳಗಾವಿ, ಬೆಂಗಳೂರು, ಪುಣೆ ಕಡೆ ಹೋಗುವವರೇ ಹೆಚ್ಚು. ಸಂಬಳ ಅಲ್ಲಿ ಜಾಸ್ತಿ, ಖರ್ಚೂ ಜಾಸ್ತಿ. ಆದರೆ ಬೆಂಗಳೂರಿನ ಕೆಲವು ಡಿಸೈನ್ ಸೇವಾ ಕಂಪನಿಗಳಲ್ಲಿ ವರ್ಷಗಟ್ಟಲೆ ಕಬ್ಬಿಣ ಕಣ್ಣಿಗೆ ಬೀಳದೆ ಮಾಡೆಲ್ ಮಾಡುವವರಿದ್ದಾರೆ. ಶಾಪ್ ಕಂಡ ಅಪ್ರೆಂಟಿಸ್‌ಗೆ ಅಲ್ಲಿ ಬೇಗ ಬೆಲೆ ಬರುತ್ತದೆ.

ಇನ್ನು ಮುಂದೆ ಎಐ ಬಂದು ಮಾಡೆಲಿಂಗ್ ಎಲ್ಲಾ ತಾನೇ ಮಾಡಿಬಿಡುತ್ತಂತಲ್ಲ?

ಬರೀ ಗೆರೆ ಎಳೆಯುವ ಕೆಲಸ ಕಡಿಮೆಯಾಗಬಹುದು. ಬೋರಿಗೆ ಎಚ್7 ಬೇಕಾ ಬೇಡವಾ, ಈ ಭಾಗ ನಮ್ಮ ಶಾಪಿನ ಯಂತ್ರದಲ್ಲಿ ಆಗುತ್ತದಾ, ಆಗದಿದ್ದರೆ ಹೊರಗೆ ಯಾರು ಮಾಡಿಕೊಡುತ್ತಾರೆ, ಇದನ್ನು ಹೇಳುವವನು ಬೇಕೇ ಬೇಕು. ಅದನ್ನು ಕಲಿಯಿರಿ.

ಕಂಪನಿಯಲ್ಲಿ ಮಾಡಿದ ಡ್ರಾಯಿಂಗ್‌ಗಳನ್ನ ಮುಂದಿನ ಇಂಟರ್‌ವ್ಯೂಗೆ ತೋರಿಸಬಹುದಾ?

ಬೇಡ. ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡು ಹೋಗುವುದಂತೂ ಬೇಡವೇ ಬೇಡ. ಅದು ಕಂಪನಿಯ ಆಸ್ತಿ, ಎಷ್ಟೋ ಸಲ ಗ್ರಾಹಕನ ಆಸ್ತಿ. ತೋರಿಸಿದರೆ ಮುಂದಿನ ಕಂಪನಿಯವರಿಗೂ "ನಾಳೆ ನಮ್ಮದನ್ನೂ ಹೀಗೇ ಒಯ್ಯುತ್ತಾನೆ" ಅನ್ನಿಸುತ್ತದೆ.

ಅದರ ಬದಲು ನಿಮ್ಮದೇ ಮಾಡಿ. ವಸ್ತುವಿಗೇನು ಬರ ಇಲ್ಲ. ಮನೆಯಲ್ಲಿ ಹೊಲ ಇದ್ದರೆ ಕೂರಿಗೆ ಇರುತ್ತದೆ, ಕುಂಟೆ ಇರುತ್ತದೆ, ಮೇವು ಕತ್ತರಿಸುವ ಯಂತ್ರ ಇರುತ್ತದೆ. ಪೇಟೆಯಲ್ಲಿ ಕಬ್ಬಿನ ಹಾಲಿನ ಗಾಣ, ಬೋರ್‌ವೆಲ್ ಹ್ಯಾಂಡ್ ಪಂಪ್. ಒಂದನ್ನು ಆರಿಸಿ, ವರ್ನಿಯರ್ ಹಿಡಿದು ಅಳೆಯಿರಿ. ಭಾಗ ಭಾಗವಾಗಿ ಮಾಡೆಲ್ ಮಾಡಿ, ಅಸೆಂಬ್ಲಿ ಮಾಡಿ, ತಿರುಗುವ ಜಾಗಕ್ಕೆ ಫಿಟ್ ಕೊಡಿ, ಬಿಒಎಂ ಹಾಕಿ. ಯಾವ ಭಾಗಕ್ಕೆ ಯಾವ ಲೋಹ, ಯಾವ ಯಂತ್ರದಲ್ಲಿ ಮಾಡಬೇಕು ಅಂತ ಒಂದೊಂದು ಸಾಲು ಬರೆಯಿರಿ. ಬಣ್ಣದ ರೆಂಡರ್ ಚಿತ್ರ ಒಂದಿದ್ದರೆ ಸಾಕು. ಡ್ರಾಯಿಂಗ್‌ಗಳನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿ. ಫೋನಿನಲ್ಲಿ ತೋರಿಸಿದರೆ ಅಳತೆ ಓದಲು ಬರುವುದಿಲ್ಲ. ಸಂದರ್ಶನ ಮಾಡುವವರು ಮೊದಲು ನೋಡುವುದೇ ಅಳತೆಗಳನ್ನು.